ನೋವು ಯಾವ ಹೊತ್ತಿಗೆ ಬರ್ತದ?

ನಮ್ಮ ಸೇಡಂ, ಚಿತ್ತಾಪುರ, ವಾಡಿ ಕಡೆ ಟೊಂಕ ನೋವಿಗೆ ಕಾರಣ ಹುಡುಕೋ ಕೆಲಸವೇ ಇಲ್ಲ. ಶಹಾಬಾದ್‌ನವನು ಫರ್ಸಿ ಕಲ್ಲು ಎತ್ತಿರ್ತಾನೆ, ವಾಡಿಯವನು ಸಿಮೆಂಟ್ ಚೀಲ ಹೊತ್ತಿರ್ತಾನೆ, ಚಿಂಚೋಳಿಯವನು ತೊಗರಿ ರಾಶಿ ಮಾಡಿರ್ತಾನೆ. ಬೆಂಗಳೂರಲ್ಲಿರೋ ನನ್ನಂಥವರು ಲ್ಯಾಪ್‌ಟಾಪ್ ಮುಂದೆ ಹತ್ತು ತಾಸು ಕೂತಿರ್ತೀವಿ. ಕಾರಣ ಮೊದಲೇ ರೆಡಿ. ಮೇಲಿಂದ ಎಂಆರ್‌ಐ ರಿಪೋರ್ಟಲ್ಲಿ 'ಡಿಸ್ಕ್ ಬಲ್ಜ್' ಅಂತ ಬಂದುಬಿಟ್ಟರೆ ಮುಗೀತು, ಮುಂದೆ ಯಾರೂ ಕೇಳಲ್ಲ.

ನಮ್ಮ ಕಾಕಾನ ಮಗನಿಗೆ ಆಗಿದ್ದು ಇದೇ. ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ. 24ಕ್ಕೆ ನೋವು ಶುರು. ಡಿಸ್ಕ್ ಸರಿದಿದೆ ಅಂದರು. ನಾಲ್ಕು ವರ್ಷ ಬೆಲ್ಟು, ಟ್ರ್ಯಾಕ್ಷನ್, ಎಣ್ಣೆ ತಿಕ್ಕೋದು, ಎಲ್ಲಕ್ಕಿಂತ ಹೆಚ್ಚಾಗಿ ಬೆಡ್ ರೆಸ್ಟು. ಕೆಲಸ ಹೋಯ್ತು. ಒಂದು ಸಲ ಫೋನಲ್ಲಿ ಅಂದ: "ಅಣ್ಣಾ, ನಸಿಕಿನಾಗ ಮೂರಕ್ಕ ಬ್ಯಾನಿಗಿ ಎಚ್ಚರ ಆಗ್ತದ. ಎದ್ದು ಅಂಗಳದಾಗ ನಾಕ್ ಸುತ್ತು ತಿರುಗಾಡಿದ್ರ ಕಮ್ಮಿ ಆಗ್ತದ. ಮನ್ಯಾಗಿನವರು ಮಕ್ಕೋ ಮಕ್ಕೋ ಅಂತಾರ."

ಅವನ ಕಾಯಿಲೆ ಏನು ಅನ್ನೋದು ಆ ಮಾತಲ್ಲೇ ಇತ್ತು. ಸಾಮಾನ್ಯವಾಗಿ ಡಿಸ್ಕ್ ನೋವು ಬಗ್ಗಿದರೆ, ಭಾರ ಎತ್ತಿದರೆ ಜಾಸ್ತಿ, ಮಲಗಿದರೆ ಕಡಿಮೆ. ಉರಿಯೂತದ ನೋವು ಉಲ್ಟಾ. ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ. ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತೆ. ಬೆಳಿಗ್ಗೆ ಬೆನ್ನು ಅರ್ಧ ತಾಸಿಗೂ ಹೆಚ್ಚು ಕಟ್ಟಿಗೆಯಂತೆ ಬಿಗಿದಿರುತ್ತೆ. ನೋವು ಒಮ್ಮೆ ಎಡ ಪೃಷ್ಠದಲ್ಲಿ, ಒಮ್ಮೆ ಬಲದಲ್ಲಿ. 45ರ ಒಳಗೆ, ಬಹಳಷ್ಟು ಸಲ ಇಪ್ಪತ್ತರ ಆಸುಪಾಸಲ್ಲೇ, ನಿಧಾನಕ್ಕೆ ಶುರುವಾಗಿ ಮೂರು ತಿಂಗಳಾದರೂ ಹೋಗಲ್ಲ. ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. (ನಮ್ಮಲ್ಲಿ ಕುತ್ತಿಗೆ ಹಿಡಿದವರೆಲ್ಲ 'ನನಗ ಸ್ಪಾಂಡಿಲೈಟಿಸ್ ಅದ' ಅಂತಾರೆ. ಅವರದು ಹೆಚ್ಚಾಗಿ ಸ್ಪಾಂಡಿಲೋಸಿಸ್, ಮೂಳೆ ಸವೆತ. ಈ ಹೆಸರಿನ ಗೊಂದಲವೂ ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ.)

ಹಾಗಾದರೆ ಎಂಆರ್‌ಐ ಸುಳ್ಳು ಹೇಳಿತಾ? ಇಲ್ಲ. ಬಲ್ಜ್ ಇತ್ತು. ಆದರೆ ಬೆನ್ನು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, 20 ವಯಸ್ಸಿನವರಲ್ಲೇ ಸುಮಾರು 30%, 30 ವಯಸ್ಸಿನವರಲ್ಲಿ 40% ಜನಕ್ಕೆ ಬಲ್ಜ್ ಕಂಡಿತ್ತು. ಲಾಗ್‌ನಲ್ಲಿ ವಾರ್ನಿಂಗ್ ಇದೆ ಅಂದಮಾತ್ರಕ್ಕೆ ಸರ್ವರ್ ಬಿದ್ದಿದ್ದು ಅದರಿಂದಲೇ ಅಂತಲ್ಲವಲ್ಲ! ಈ ಕಾಯಿಲೆ ಮೊದಲು ಹಿಡಿಯೋದು ಸಾಮಾನ್ಯವಾಗಿ ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರೋ ಸೇಕ್ರೋಇಲಿಯಾಕ್ ಕೀಲನ್ನು. ಡಿಸ್ಕ್ ನೋಡೋಕೆ ತೆಗೆಸಿದ ಸ್ಕ್ಯಾನ್ ಆ ಕೀಲನ್ನು ಸರಿಯಾಗಿ ತೋರಿಸಲ್ಲ. ಅದಕ್ಕೇ ಬೇರೆ ಎಂಆರ್‌ಐ ಬೇಕು. ಎಕ್ಸ್‌ರೇಯಲ್ಲಿ ಕಾಣೋಕೆ ವರ್ಷಗಳೇ ಹಿಡೀಬಹುದು. ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಸಹಾಯ ಮಾಡುತ್ತೆ, ಆದರೆ ಅದೊಂದೇ ತೀರ್ಪಲ್ಲ. ಪಾಸಿಟಿವ್ ಬಂದ ಬಹುತೇಕರಿಗೆ ಈ ಕಾಯಿಲೆ ಬರೋದೇ ಇಲ್ಲ. ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಇದ್ದೂ ಕಾಯಿಲೆ ಇರಬಹುದು. ಲಕ್ಷಣ ಶುರುವಾಗಿ ಹೆಸರು ಸಿಗೋಕೆ ಪ್ರಪಂಚದಲ್ಲೆಲ್ಲ ಸರಾಸರಿ ಆರೇಳು ವರ್ಷ ಹಿಡಿಯುತ್ತೆ ಅನ್ನೋದು ಸುಮ್ಮನೆ ಅಲ್ಲ.

ನಮ್ಮ ಹುಡುಗನಿಗೆ ಹೆಸರು ಸಿಕ್ಕಿದ್ದು ಕಣ್ಣಿನಿಂದ. ಒಂದು ದಿನ ಕಣ್ಣು ಕೆಂಪಾಗಿ, ಬೆಳಕು ನೋಡೋಕಾಗದಷ್ಟು ನೋವು. ಕಲಬುರಗಿಯ ಕಣ್ಣಿನ ಡಾಕ್ಟರು ಕಣ್ಣು ನೋಡ್ತಾ ನೋಡ್ತಾ, "ತಮ್ಮಾ, ಬೆಳಿಗ್ಗೆ ಬೆನ್ನು ಬಿಗಿ ಹಿಡಿತದೇನು?" ಅಂದರಂತೆ. ಯುವಿಯೈಟಿಸ್ ಅನ್ನೋ ಆ ಕಣ್ಣಿನ ಉರಿಯೂತ ಈ ಕಾಯಿಲೆಯ ಜೊತೆಗಾರ. ಅಲ್ಲಿಂದ ರುಮಟಾಲಜಿಸ್ಟ್ ಹತ್ರ, ಹೈದರಾಬಾದಿಗೆ. ವಾಡಿ, ಚಿತ್ತಾಪುರ, ಸೇಡಂನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ, ತಾಂಡೂರು ಮೇಲೆ ರೈಲು ಸೀದಾ ಹೋಗ್ತದೆ. ಚಿಂಚೋಳಿಯವರಿಗೆ ರೈಲೂ ಇಲ್ಲ ಪಾಪ.

ಈಗ ಡಾಕ್ಟರು ಹೇಳಿದ ಉರಿಯೂತದ ಮಾತ್ರೆ ನಡೀತಿದೆ, ಜೊತೆಗೆ ದಿನಾ ವ್ಯಾಯಾಮ. ಮನೆಯವರು ಅದನ್ನು ನಂಬೋಕೇ ಒಂದು ತಿಂಗಳು ಬೇಕಾಯ್ತು. ಇಂಗ್ಲೆಂಡ್ ಕ್ಯಾಪ್ಟನ್ ಆಗಿದ್ದ ಮೈಕ್ ಆಥರ್ಟನ್‌ಗೂ ಇದೇ ಕಾಯಿಲೆ, 1995ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹತ್ತು ತಾಸಿಗೂ ಹೆಚ್ಚು ಕ್ರೀಸಲ್ಲಿ ನಿಂತು ಔಟಾಗದೆ 185 ಹೊಡೆದ ಅಂತ ಹೇಳಿದ ಮೇಲೆ ಕಾಕಾ ಸ್ವಲ್ಪ ಮೆತ್ತಗಾದರು. ಮಾತ್ರೆ ಸಾಲದಿದ್ದರೆ ಬಯೋಲಾಜಿಕ್ ಇಂಜೆಕ್ಷನ್. ಅಡಾಲಿಮುಮ್ಯಾಬ್‌ನ ದೇಶೀ ಆವೃತ್ತಿ 2014ರಿಂದ ನಮ್ಮಲ್ಲೇ ಇದೆ, ಆದರೂ ದುಡ್ಡಿನ ಲೆಕ್ಕ ಸಣ್ಣದಲ್ಲ. ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಮಾಡಲೇಬೇಕು, ಮೈಯಲ್ಲಿ ಮಲಗಿರೋ ಟಿಬಿಯನ್ನು ಈ ಔಷಧಿ ಎಬ್ಬಿಸಬಹುದು. ಇವನಿಗೆ ಅದು ಪಾಸಿಟಿವ್. ಹಾಗಾಗಿ ಮೊದಲು ಟಿಬಿ ತಡೆಯೋ ಗುಳಿಗೆ, ಇಂಜೆಕ್ಷನ್ ಆಮೇಲೆ.

ಇದನ್ನು ಓದಿ ನಿಮ್ಮ ಬೆಲ್ಟು ಬಿಸಾಕಬೇಡಿ, ನಿಮ್ಮದು ನಿಜವಾಗಿಯೂ ಡಿಸ್ಕೇ ಇರಬಹುದು. ಕಾಲಲ್ಲಿ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಓಡಿ. ಜ್ವರ, ತೂಕ ಇಳಿಯೋದು ಇದ್ದರೆ ಬೆನ್ನಿನ ಟಿಬಿಯನ್ನೂ ನೋಡಬೇಕು. ಉಳಿದವರು ಡಾಕ್ಟರ ಹತ್ರ ಫಿಲಂ ಕೊಡೋ ಮೊದಲು, ನೋವು ಎಷ್ಟೊತ್ತಿಗೆ ಬರುತ್ತೆ, ಏನು ಮಾಡಿದರೆ ಹೋಗುತ್ತೆ ಅಂತ ಬಾಯಿಬಿಟ್ಟು ಹೇಳಿ.

ಇವನ ಕುತ್ತಿಗೆ ಈಗ ಪೂರ್ತಿ ತಿರುಗಲ್ಲ. ಕೂಡಿಕೊಂಡ ಮೂಳೆಯನ್ನು ಯಾವ ಔಷಧಿಯೂ ಬಿಡಿಸಲ್ಲ, ಮುಂದೆ ಕೂಡೋದನ್ನು ನಿಧಾನ ಮಾಡಬಹುದು ಅಷ್ಟೇ. ಅವನ ಅಕ್ಕನಿಗೂ ಹೆರಿಗೆಯಾದಾಗಿನಿಂದ, ಎರಡು ವರ್ಷವಾಯ್ತು, ನಸುಕಿನಲ್ಲಿ ಟೊಂಕ ನೋವು. ಬಾಣಂತನ ಸರಿಯಾಗಲಿಲ್ಲ ಅಂತ ಎಲ್ಲರೂ ಅಂತಿದ್ದರು. ಇದು ಗಂಡಸರ ಕಾಯಿಲೆ ಅನ್ನೋ ಹಳೇ ನಂಬಿಕೆ ಬೇರೆ. ಮುಂದಿನ ತಿಂಗಳು ಅವನ ಜೊತೆ ಅಕ್ಕನೂ ಹೈದರಾಬಾದ್ ರೈಲು ಹತ್ತುತ್ತಿದ್ದಾಳೆ.