ದೇವರ ಮಂಟಪಕ್ಕೆ ಬರ್ಮಾ ಸಾಗುವಾನಿಯೇ ಬೇಕೆ?

ಮುಂಬೈ, ಪುಣೆಗಳಲ್ಲಿ ಫ್ಲ್ಯಾಟ್ ಕೊಂಡ ನಮ್ಮವರು ಮರಗೆಲಸದ ಲೆಕ್ಕ ಹಾಕುವಾಗ ಮೊದಲು ಕೇಳುವುದು ಸಾಗುವಾನಿಯನ್ನು. ಬರ್ಮಾದ್ದಾದರೆ ಇನ್ನಷ್ಟು ಹೆಮ್ಮೆ. ದೇವರ ಮಂಟಪಕ್ಕಂತೂ ಬೇರೆ ಮರ ಸಲ್ಲದೆಂಬ ಭಾವನೆಯಿದೆ. ಗೆಡ್ಡೆಗೆಣಸು ಹೊಸ್ತಿಲು ದಾಟದ ಮನೆಗಳಲ್ಲಿ, ಆ ಹೊಸ್ತಿಲಿನ ಮರ ಎಲ್ಲಿಂದ ಬಂತೆಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಕಾಡು ಬರಿದಾಗುತ್ತಿದ್ದುದರಿಂದ ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. 2021ರ ಸೇನಾ ದಂಗೆಯ ಬಳಿಕ, ಮರದ ಹಣ ಸೇನಾಡಳಿತಕ್ಕೆ ಸೇರುತ್ತದೆಂದು ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕವಾದ ವನಸ್ಪತಿಚ್ಛೇದನವನ್ನು ಅನರ್ಥದಂಡದಲ್ಲಿ ಎಣಿಸುತ್ತದೆ. ಮನೆಗೆ ಬಾಗಿಲು ಬೇಕು, ಅದು ನಿಷ್ಪ್ರಯೋಜಕವಲ್ಲ ಎಂದು ವಾದಿಸಬಹುದು. ಒಪ್ಪೋಣ. ಬೇರೆ ದಾರಿಯಿರುವಾಗಲೂ ಹೊಸದಾಗಿ ಕಡಿದ ಮರವೇ ಬೇಕೆಂಬ ಹಟವನ್ನು ಏನೆಂದು ಕರೆಯುವುದು?

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಮೂರು ನಾಲ್ಕು ವರ್ಷಕ್ಕೆ ಬಲಿತ ಗಳಗಳನ್ನು ಆರಿಸಿ ಕಡಿದರೂ ಮೆಳೆ ಸಾಯದೆ ಮತ್ತೆ ಚಿಗುರುತ್ತದೆ. 1927ರ ಅರಣ್ಯ ಕಾಯ್ದೆ ಅದನ್ನು ಮರವೆಂದೇ ಎಣಿಸಿ ರೈತರನ್ನು ಕಾಡಿತ್ತು. ಅರಣ್ಯದ ಹೊರಗಿನ ಬಿದಿರಿಗೆ 2017ರ ತಿದ್ದುಪಡಿಯಿಂದ ಬಿಡುಗಡೆ ದೊರಕಿತು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಚಾಪೆಗಳಿಂದ ಹಲಗೆಗಳನ್ನೂ ಮಾಡಿನ ಹೊದಿಕೆಗಳನ್ನೂ ರೂಪಿಸಿ ವರ್ಷಗಳೇ ಸಂದಿವೆ. ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ತಲೆಯೆತ್ತಿದರೆ ಕಾಣುವುದೂ ಬಿದಿರೇ. ಹುಳು ಹತ್ತುತ್ತದೆಂಬ ಆಕ್ಷೇಪ ಸುಳ್ಳಲ್ಲ. ಗಳದೊಳಗಿನ ಪಿಷ್ಟ ಹುಳುವಿಗೆ ಆಹಾರ. ಆದ್ದರಿಂದ ಬೋರಾಕ್ಸ್, ಬೋರಿಕ್ ಆಮ್ಲದಲ್ಲಿ ಮೊದಲೇ ಸಂಸ್ಕರಿಸಿದುದನ್ನೇ ಕೊಳ್ಳಬೇಕು. ಹುಳು ಹತ್ತಿದ ಮೇಲೆ ವಿಷ ಸಿಂಪಡಿಸುವ ಹಿಂಸೆ ಆಗ ನಮ್ಮ ಪಾಲಿಗೆ ಬರುವುದಿಲ್ಲ.

ಮರ ಬಿಟ್ಟೆವೆಂದು ಅಲ್ಯೂಮಿನಿಯಂಗೆ ಹಾರಿದರೆ ಕಾಡು ಉಳಿಯದು. ಬಾಕ್ಸೈಟ್‌ಗಾಗಿ ಬಗೆಯುವುದೂ ಬೆಟ್ಟಕಾಡುಗಳನ್ನೇ.

ಎಲ್ಲಕ್ಕಿಂತ ಮೇಲಾದುದು ಹಳೆಯ ಮರ. ಮುಂಬೈಯ ಹಳೆಯ ಚಾಳುಗಳನ್ನು ಕೆಡವಿದಾಗ ಸಿಗುವ ತೊಲೆಗಳು ದಶಕಗಳ ಕಾಲ ಒಣಗಿ ಹದವಾದವು. ಅವುಗಳಿಂದ ಮಾಡಿದ ಮಂಟಪಕ್ಕಾಗಿ ಯಾರೂ ಕೊಡಲಿ ಎತ್ತಬೇಕಿಲ್ಲ. ಹಳೆಯದು ಅಶುಭವೆಂಬ ಮಾತಿಗೆ ನಮ್ಮ ಬಸದಿಗಳೇ ಉತ್ತರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೇಲಂತಸ್ತುಗಳ ಹಳೆಯ ಮರದ ಕೆಳಗೇ ಇಂದಿಗೂ ಪೂಜೆ ನಡೆಯುತ್ತಿದೆ. ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಹಣ ಕಳಿಸುವವರಲ್ಲಿ ಹೊರನಾಡಿನ ನಾವೂ ಇದ್ದೇವೆ. ಕಳಿಸುವ ಮೊದಲು ಸಮಿತಿಯವರನ್ನು ಎರಡು ಮಾತು ಕೇಳೋಣ: ಇಳಿಸಿದ ತೊಲೆಗಳಲ್ಲಿ ಎಷ್ಟನ್ನು ಮತ್ತೆ ಏರಿಸುತ್ತೀರಿ, ಹೊಸ ಮರವನ್ನು ಎಲ್ಲಿಂದ ತರಿಸುತ್ತಿದ್ದೀರಿ?