ಲಾಲ್‌ಬಾಗ್‌ನ ಬೇಟೆ ಹಕ್ಕಿಗಳು

ಸುಮಾರು 240 ಎಕರೆಯಷ್ಟಿರುವ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೇಟೆ ಹಕ್ಕಿಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಕವಲು ಬಾಲದ ಹದ್ದು, ಬಿಳಿ ತಲೆಯ ಗರುಡ ಕೆರೆಯ ಮೇಲೆ ಸುತ್ತುತ್ತವೆ. ಪಾರಿವಾಳದಷ್ಟೇ ಗಾತ್ರದ ಶಿಕ್ರಾ ಎಲೆಗಳ ಮರೆಯಲ್ಲಿ ಕೂತು, ಓತಿಕ್ಯಾತ, ಅಳಿಲು, ಸಣ್ಣ ಹಕ್ಕಿಗಳ ಮೇಲೆ ಥಟ್ಟನೆ ಎರಗುತ್ತದೆ. ಬೂದು ಬೆನ್ನು, ಎದೆಯ ಮೇಲಿನ ಕಂದುಗೆಂಪು ಅಡ್ಡಗೆರೆಗಳು ಅದರ ಗುರುತು. ಅಳಿಲುಗಳು ಬಿಡದೆ ಚಿಟಗುಟ್ಟಿದರೆ, ಕಾಗೆಗಳು ಒಂದೇ ಕೊಂಬೆಗೆ ಮುಗಿಬಿದ್ದರೆ ಅಲ್ಲಿ ಶಿಕ್ರಾ ಇರುವ ಸಾಧ್ಯತೆ ಹೆಚ್ಚು. ಬೇಸಿಗೆಯಲ್ಲಿ ಅದು ಗೂಡು ಕಟ್ಟುವಾಗ ಮರದ ಬುಡದಲ್ಲಿ ಗುಂಪುಗೂಡುವುದು, ಮೊಬೈಲ್‌ನಲ್ಲಿ ಕೂಗು ಕೇಳಿಸಿ ಕರೆಯುವುದು ಸಲ್ಲದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ ಗಾಳಿಪಟದ ನೈಲಾನ್ ಮಾಂಜಾ ದಾರ ಹಾರುವ ಹಕ್ಕಿಯ ರೆಕ್ಕೆಯನ್ನು ಸೀಳುತ್ತದೆ. ಅದರ ಮಾರಾಟ ನಿಲ್ಲಬೇಕು. ಮರಗಳಿಗೆ ಸಿಕ್ಕಿಕೊಂಡ ದಾರವನ್ನು ತೋಟಗಾರಿಕೆ ಇಲಾಖೆ ತೆಗೆಸಬೇಕು.

– ಓದುಗ, ಬೆಂಗಳೂರು