ಹಿತ್ತಲಿನಲ್ಲೊಂದು ವೀಕ್ಷಣಾಲಯ... ಶಾಲೆಗ್ಯಾಕೆ ಕೊಡಬಾರದು?

ಮನೆ ಹಿತ್ತಲಲ್ಲಿ ವೀಕ್ಷಣಾಲಯ ಕಟ್ಟೋದು ದುಡ್ಡಿದ್ದವರ ಶೋಕಿ, ಅಷ್ಟೊಂದು ಆಸೆ ಇದ್ರೆ ಊರಿನ ಶಾಲೆಗೊಂದು ಟೆಲಿಸ್ಕೋಪು ಕೊಡಿಸಿ ಪುಣ್ಯ ಕಟ್ಕೊಳ್ಳಿ. ಆರು ತಿಂಗಳಿಂದ ನಾನು ಕೇಳ್ತಾ ಇರೋ ಬುದ್ಧಿವಾದ ಇದು. ಆಫೀಸಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಯಾಕೆ ಅಂತ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದು ಬಿಡ್ತೀನಿ :)

ಮೊದಲು ಊರಿನ ಪರಿಚಯ. ಕುಪ್ಪೇಲೂರು, ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲೂಕು. ಗೋವಿನಜೋಳ, ಹತ್ತಿಯ ಸೀಮೆ. ಅತ್ತ ಬ್ಯಾಡಗಿ, ಅದರ ಮೆಣಸಿನಕಾಯಿ ನಿಮ್ಮೆಲ್ಲರ ಅಡುಗೆಮನೆಯಲ್ಲೂ ಇರುತ್ತೆ. ನಾನು ಬೆಂಗಳೂರಿನಲ್ಲಿ ಕೋಡು ಬರೀತೀನಿ, ಎರಡು ವಾರಕ್ಕೊಮ್ಮೆ ಊರಿಗೆ ಹೋಗ್ತೀನಿ. ಮನೆಯ ಹಿಂದೆ ಬಣವೆ ಒಟ್ಟುವ ಜಾಗದ ಪಕ್ಕ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಪಟ್ಟಿಯೊಂದನ್ನು ಅಪ್ಪನಿಂದ ಕಾಡಿ ಬೇಡಿ ಬಿಡಿಸಿಕೊಂಡಿದ್ದೀನಿ. ಅರ್ಧದಲ್ಲಿ ಕೋಣೆ. ಇನ್ನರ್ಧ ಖಾಲಿ, ಯಾಕಂದ್ರೆ ರಾತ್ರಿ ಕೋಣೆಯ ಸೂರು ಹಳಿಯ ಮೇಲೆ ಉರುಳಿ ಹೋಗಿ ಅಲ್ಲಿ ನಿಲ್ಲಬೇಕು. ಇದಕ್ಕೆ ರೋಲ್-ಆಫ್ ರೂಫ್ ಅಂತಾರೆ. ನಾನು ಸರಿಯುವ ಸೂರು ಅಂತ ಕರೀತೀನಿ.

ಈಗ ಶಾಲೆಯ ವಿಷಯ. ಶಾಲೆ ಮುಗಿಯೋದು ಸಂಜೆ ನಾಲ್ಕೂವರೆಗೆ. ನಕ್ಷತ್ರ ಕಾಣೋದು ಏಳರ ಮೇಲೆ. ಇಷ್ಟು ಹೇಳಿದರೆ ಸಾಕಲ್ವಾ? ಇಲ್ಲ, ಸಾಲಲ್ಲವಂತೆ. ಸರಿ, ಇನ್ನೊಂದು ಕೇಳಿ. 2009 ಅಂತರರಾಷ್ಟ್ರೀಯ ಖಗೋಳ ವರ್ಷ, ಗೆಲಿಲಿಯೋ ಆಕಾಶಕ್ಕೆ ದುರ್ಬೀನು ಹಿಡಿದು ನಾನೂರು ವರ್ಷ ಆಗಿತ್ತು. ಆಗ ನಾನು ಓದುತ್ತಿದ್ದ ಶಾಲೆಯಲ್ಲಿ ಒಂದು ಟೆಲಿಸ್ಕೋಪು ಇತ್ತು. ಗಾಜಿನ ಕಪಾಟಿನಲ್ಲಿ, ಭೂಗೋಳದ ಗೋಲ ಮತ್ತು ಕ್ರೀಡಾಕೂಟದ ಶೀಲ್ಡಿನ ನಡುವೆ. ನಾನು ಅಲ್ಲಿದ್ದಷ್ಟು ವರ್ಷವೂ ಅದು ಹೊರಗೆ ಬರಲಿಲ್ಲ. ಯಾರದೂ ತಪ್ಪಲ್ಲ. ಅದು ದಾಸ್ತಾನು ಪುಸ್ತಕದಲ್ಲಿರೋ ವಸ್ತು. ಒಡೆದರೆ ಲೆಕ್ಕ ಕೊಡಬೇಕಾದವರು ಹೆಡ್ ಮಾಸ್ತರು. ಅವರ ಜಾಗದಲ್ಲಿ ನಾನಿದ್ದರೂ ಬೀಗ ಹಾಕಿಯೇ ಇಡುತ್ತಿದ್ದೆ.

2024ರ ಸೆಪ್ಟೆಂಬರ್ ಕೊನೆಗೆ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಿತ್ತು, ನೆನಪಿದೆಯಾ? ಮೊದಲು ಕಂಡಿದ್ದು ಬೆಳಗಿನ ಜಾವ, ಸೂರ್ಯ ಹುಟ್ಟೋ ಮುಂಚೆ, ಪೂರ್ವದಲ್ಲಿ. ಆ ಹೊತ್ತಿಗೆ ಯಾವ ಶಾಲೆಯ ಗೇಟು ತೆಗೆದಿರುತ್ತೆ ಹೇಳಿ? ವೀಕ್ಷಣಾಲಯಕ್ಕೆ ಬೇಕಾಗಿರೋದು ಕಟ್ಟಡಕ್ಕಿಂತ ಹೆಚ್ಚಾಗಿ ರಾತ್ರಿ ಎದ್ದು ಸೂರು ತಳ್ಳೋ ಒಬ್ಬ ಹುಚ್ಚ. ಆ ಹುಚ್ಚನ ಹಾಸಿಗೆ ವೀಕ್ಷಣಾಲಯದಿಂದ ಇಪ್ಪತ್ತು ಹೆಜ್ಜೆಯೊಳಗೆ ಇರಬೇಕು. ಹಿತ್ತಲು ಅಂದ್ರೆ ಅದೇ.

ಹಿತ್ತಲಿನಲ್ಲಿ ಏನು ಮಹಾ ಆದೀತು ಅಂತ ಮೂಗು ಮುರಿಯೋರೂ ಇದ್ದಾರೆ. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರೋ ಕಾವಲೂರು ವೀಕ್ಷಣಾಲಯ ಇವತ್ತು ವೇಣು ಬಾಪು ಅವರ ಹೆಸರಿನಲ್ಲಿದೆ, ನಮ್ಮ ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆ ಅದನ್ನು ನಡೆಸುತ್ತೆ. 1968ರಲ್ಲಿ ಅದು ಶುರುವಾಗಿದ್ದು 38 ಸೆಂಟಿಮೀಟರಿನ ಒಂದು ದೂರದರ್ಶಕದಿಂದ. ಅದು ತಯಾರಾಗಿದ್ದು ಎಲ್ಲಿ ಗೊತ್ತಾ? ಕೊಡೈಕನಾಲ್ ವೀಕ್ಷಣಾಲಯದ ಹಿತ್ತಲಲ್ಲಿ! ಒಂದು ಮೀಟರಿನದು 1972ರಲ್ಲಿ ಬಂತು, 2.3 ಮೀಟರಿನ ದೊಡ್ಡದು 1986ರಲ್ಲಿ.

ಇನ್ನು ಗುಮ್ಮಟ ಯಾಕೆ ಬೇಡ ಅನ್ನೋದು. ವೀಕ್ಷಣಾಲಯ ಅಂದ ಕೂಡಲೇ ಎಲ್ಲರ ತಲೆಯಲ್ಲಿ ಬರೋದು ಬಿಳಿ ಗುಮ್ಮಟ. ನೋಡೋಕೆ ಚೆಂದ, ಗಾಳಿಯನ್ನೂ ತಡೆಯುತ್ತೆ. ಆದರೆ ಗುಂಡಗೆ ತಿರುಗೋ ಸೂರನ್ನು ನಮ್ಮ ಕಡೆ ಮಾಡೋರು ಸಿಗಲ್ಲ, ಒಳಗಿದ್ದವರಿಗೆ ಕಾಣೋದೂ ಒಂದು ಸೀಳಿನಷ್ಟೇ ಆಕಾಶ. ಸರಿಯುವ ಸೂರು ಹಾಗಲ್ಲ. ಅದು ನಮ್ಮ ಸ್ಲೈಡಿಂಗ್ ಗೇಟು ಮಲಗಿಕೊಂಡ ಹಾಗೆ, ಅಷ್ಟೇ. ಕೋನ ಮೇಲೆ ಬರುವಂತೆ ಕೂರಿಸಿದ ಕಬ್ಬಿಣದ ಆ್ಯಂಗಲ್ಲು, ಅದರ ಮೇಲೆ ನಡುವೆ ಗಾಡಿ ಇರೋ ಚಕ್ರ. ರಾಣೆಬೆನ್ನೂರಿನ ವೆಲ್ಡಿಂಗ್ ಅಂಗಡಿಗೆ ನಾನು ಪ್ರಿಂಟ್ ಔಟ್ ಹಿಡಿದು ಹೋದರೆ, ಅಲ್ಲಿನ ಮಿಸ್ತ್ರಿ ಅದನ್ನು ಪೂರ್ತಿ ನೋಡಲೂ ಇಲ್ಲ. "ಎರಡೂ ಕಡೆ ಗಾಡಿ ಚಕ್ರ ಹಾಕಬ್ಯಾಡ್ರಿ ಸರ. ಒಂದ್ ಕಡೆ ಹಾಕೂನು, ಇನ್ನೊಂದ್ ಕಡೆ ಸಪಾಟ್ ಚಕ್ರ ಇರ್ಲಿ. ಹಳಿ ಒಂದೀಟು ಹೆಚ್ಚುಕಮ್ಮಿ ಆದ್ರೂ ಸಿಕ್ಕೊಳ್ಳಂಗಿಲ್ಲ" ಅಂದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ!

ಗಾಳಿ ಮಾತ್ರ ತಮಾಷೆಯಲ್ಲ. ನಮ್ಮೂರಲ್ಲಿ ತಗಡಿನ ಮೇಲೆ ದಪ್ಪ ದಪ್ಪ ಕಲ್ಲು ಹೇರೋದು ಸುಮ್ಮನೆ ಅಲ್ಲ. ಗಂಟೆಗೆ 100 ಕಿಲೋಮೀಟರಿನ ಗಾಳಿ ಬೀಸಿದರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 47 ಕೆ.ಜಿ.ಯಷ್ಟು ಒತ್ತಡ ಬೀಳುತ್ತೆ. ಹತ್ತು ಚದರ ಮೀಟರಿನ ನನ್ನ ಸೂರಿನ ತೂಕ 150 ಕೆ.ಜಿ. ಆಸುಪಾಸು, ಏಳಿಸೋಕೆ ನಿಂತ ಗಾಳಿಯ ಬಲ ಅದರ ಮೂರು ಪಟ್ಟು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಸೂರು ಪಕ್ಕದವರ ಹೊಲದಲ್ಲಿ ಸಿಗಬಾರದು ಅಂದ್ರೆ ಒಳಗಿನಿಂದ ನಾಲ್ಕೂ ಮೂಲೆಗೆ ಕೊಂಡಿ ಹಾಕಿ ಬಿಗಿಯಬೇಕು, ಮುಚ್ಚಿದಾಗಲೂ, ತೆರೆದಾಗಲೂ. ನೆಲದ್ದು ಇನ್ನೊಂದು ಕಥೆ. ಹಿತ್ತಲದ್ದು ಎರೆಮಣ್ಣು. ಬೇಸಿಗೆಗೆ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಟೆಲಿಸ್ಕೋಪು ಕೂರೋ ಕಟ್ಟೆಯ ತಳ ಗಟ್ಟಿ ಗರಸು ಸಿಗೋ ತನಕ ಇಳೀಬೇಕು, ಮತ್ತೆ ಕೋಣೆಯ ನೆಲಕ್ಕೆ ಆ ಕಟ್ಟೆ ತಾಗಬಾರದು. ತಾಗಿದರೆ ಪಕ್ಕದಲ್ಲಿ ಯಾರಾದರೂ ಕಾಲು ಬದಲಿಸಿದರೂ ಗುರುವಿನ ಚಂದ್ರಗಳು ಕುಣಿಯುತ್ತವೆ.

ನೆಟ್‌ನಲ್ಲಿ ಸಿಗೋ ಪ್ಲಾನುಗಳ ಬಗ್ಗೆ ಒಂದು ಮಾತು. ಬಹುತೇಕ ಅಮೆರಿಕ, ಯುರೋಪಿನವರದು. ಸೂರನ್ನು ಉತ್ತರಕ್ಕೆ ಉರುಳಿಸಿ ಅಂತಾರೆ. ಅವರಿಗೆ ಸರಿ. ಲಂಡನ್ನಿನಲ್ಲಿ ಧ್ರುವ ನಕ್ಷತ್ರ 51 ಡಿಗ್ರಿ ಎತ್ತರದಲ್ಲಿರುತ್ತೆ, ಸೂರಿನ ತಲೆ ಮೇಲೆ ಆರಾಮಾಗಿ ಕಾಣುತ್ತೆ. ಕುಪ್ಪೇಲೂರಿನಲ್ಲಿ ಅದು ಇರೋದು ಬರೀ 14.5 ಡಿಗ್ರಿಯಲ್ಲಿ. ಐದಡಿ ದೂರದಲ್ಲಿ ಕಣ್ಣಿನ ಮಟ್ಟಕ್ಕಿಂತ ಎರಡಡಿ ಮೇಲಕ್ಕೆ ಸೂರು ನಿಂತರೆ 22 ಡಿಗ್ರಿವರೆಗೂ ಅಡ್ಡ. ಧ್ರುವ ಮಾಯ! ಇವತ್ತು ನನ್ನ ಎಂಟಿಂಚಿನ ಡಾಬ್ಸೋನಿಯನ್‌ಗೆ ಧ್ರುವ ಬೇಕಿಲ್ಲ, ನಾಳೆ ಕ್ಯಾಮೆರಾ ಹಾಕಿ ಫೋಟೋ ತೆಗೆಯೋಕೆ ಹೋದರೆ ಬೇಕೇ ಬೇಕು. ದಕ್ಷಿಣಕ್ಕೆ ಉರುಳಿಸೋ ಹಾಗೂ ಇಲ್ಲ. ಅಗಸ್ತ್ಯ ನಕ್ಷತ್ರ ನಮಗೆ 23 ಡಿಗ್ರಿ ಏರುತ್ತೆ, ಮೇ ತಿಂಗಳಲ್ಲಿ ದಕ್ಷಿಣದ ಶಿಲುಬೆ ದಿಗಂತದ ಹತ್ತಿರ ನಿಲ್ಲುತ್ತೆ. ಇವೆಲ್ಲ ಲಂಡನ್ನಿನವನ ಹಣೆಯಲ್ಲಿ ಬರೆದಿಲ್ಲ, ನಮ್ಮ ಪಾಲಿನ ಆಸ್ತಿ. ಪಶ್ಚಿಮದಲ್ಲಿ ಮರೆಯಾಗಿದ್ದು ಮುಳುಗಿಯೇ ಹೋಗುತ್ತೆ. ಪೂರ್ವದಲ್ಲಿ ಮರೆಯಾಗಿದ್ದು ಒಂದೂವರೆ ಗಂಟೆ ಕಾದರೆ ತಾನೇ ಮೇಲೆ ಬರುತ್ತೆ. ಆದ್ದರಿಂದ ನನ್ನ ಸೂರು ಪೂರ್ವಕ್ಕೆ. (ಬೆಳಗಿನ ಜಾವದ ಧೂಮಕೇತು? ಅದಕ್ಕೆ ಬೈನಾಕ್ಯುಲರ್ ಹಿಡಿದು ಹೊಲದ ಬದುವಿನ ಮೇಲೆ ನಿಂತರಾಯ್ತು.) ಪೂರ್ವದಲ್ಲಿ ಹಳಿ ಹೊರೋಕೆ ನಿಲ್ಲಿಸಿದ ಕಂಬಗಳಿಗೆ ಅಪ್ಪ ಈಗಲೇ ಎಮ್ಮೆ ಕಟ್ಟೋ ಲೆಕ್ಕ ಹಾಕಿದ್ದಾನೆ.

ಡಾಬ್ಸೋನಿಯನ್ ಅಂದೆನಲ್ಲ, ಅದರ ಹಿಂದಿರೋ ಜಾನ್ ಡಾಬ್ಸನ್ (1915-2014) ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ಅಂದ್ರೆ ನಮ್ಮ ರಾಮಕೃಷ್ಣ ಪರಂಪರೆಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಅಲ್ಲಿಂದ ಹೊರಬಂದ ಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪು ನಿಲ್ಲಿಸಿ ಹಾದು ಹೋಗೋರಿಗೆಲ್ಲ ಚಂದ್ರನನ್ನು ತೋರಿಸಿದರು. ಹಾಗಾದರೆ ನೀನೂ ಬೀದಿಯಲ್ಲೇ ನಿಲ್ಲಿಸು, ಕೋಣೆ ಯಾಕೆ ಅಂತೀರಾ? ನ್ಯಾಯವಾದ ಪ್ರಶ್ನೆ. ನಾನೂ ಎರಡು ವರ್ಷ ಹಾಗೇ ಮಾಡಿದ್ದೀನಿ. ಇಪ್ಪತ್ತೈದು ಕಿಲೋ ಹೊತ್ತು ತಂದು, ಕನ್ನಡಿ ತಣ್ಣಗಾಗೋಕೆ ಬಿಟ್ಟು, ಹೊಂದಿಸೋ ಹೊತ್ತಿಗೆ ಒಂದು ತಾಸು. ಅಷ್ಟರಲ್ಲಿ ಮಕ್ಕಳು ಆಕಳಿಸಿ ಮನೆಗೆ ಹೋಗಿರ್ತಾರೆ. ಅದೂ ಅಲ್ಲದೆ, ನಾನು ಬೆಂಗಳೂರಿನಲ್ಲಿರೋ ದಿನ ಹೊರಗೆ ತೆಗೆಯೋರು ಯಾರು? ಸೂರು ಹಿಂದಕ್ಕೆ ತಳ್ಳಿದರೆ ಸಾಕು ಅನ್ನೋ ಹಾಗಿದ್ದರೆ ಒಂಬತ್ತನೇ ಕ್ಲಾಸಿನ ನನ್ನ ತಂಗಿಯೇ ಸಾಕು.

ಈಗ ನಿಜವಾದ ತಕರಾರಿಗೆ ಬರ್ತೀನಿ. ಅದನ್ನು ಎತ್ತಿದ್ದು ಊರಿನ ಮಾಸ್ತರೊಬ್ಬರು. "ಶಾಲಿ ಎಲ್ಲಾರದ್ದೋ ತಮ್ಮಾ. ನಿಮ್ಮ ಹಿತ್ತಲ ಎಲ್ಲಾರದ್ದೂ ಅಲ್ಲ. ಯಾರ್ ಮನಿ ಒಳಗ ಯಾರ್ ಬರ್ತಾರ, ಯಾರ್ ಬರಂಗಿಲ್ಲ ಅನ್ನೂದು ನಿನಗ ಗೊತ್ತಿಲ್ಲೇನು?"

ಗೊತ್ತಿದೆ. ಊರಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಮನೆಯ ಪಡಸಾಲೆ ದಾಟಿ ಹಿತ್ತಲಿಗೆ ಬರಬೇಕು ಅಂದ್ರೆ ಅರ್ಧ ಊರು ಬರೋದೇ ಇಲ್ಲ. ಬರಬೇಡಿ ಅಂತ ಯಾರೂ ಹೇಳಬೇಕಾಗಿಲ್ಲ, ಅವರೇ ಹೊಸ್ತಿಲಲ್ಲಿ ನಿಲ್ತಾರೆ. ಈ ಮಾತಿಗೆ ನಾಲ್ಕೂವರೆ ಗಂಟೆಯ ವಾದ ನಡೆಯಲ್ಲ. ಹಾಗಾಗಿ ಪ್ಲಾನಿನಲ್ಲಿ ಒಂದು ಬಾಗಿಲು ಹೆಚ್ಚಾಯಿತು. ಕೋಣೆಯ ಬಾಗಿಲು ಹಿಂದಿನ ಓಣಿಗೇ ತೆರೆಯುತ್ತೆ, ಯಾರೂ ನಮ್ಮ ಮನೆಯೊಳಗೆ ಕಾಲಿಡಬೇಕಾಗಿಲ್ಲ. ಓಣಿ ಎಲ್ಲ ಕೇರಿಯವರೂ ಓಡಾಡೋ ದಾರಿ. ಬಾಗಿಲಿಗೆ ಎರಡು ಕೀಲಿ. ಒಂದು ಅವ್ವನ ಹತ್ತಿರ, ಇನ್ನೊಂದು ಮಾಸ್ತರಿಗೆ. ಅವರು ಇನ್ನೂ ತಗೊಂಡಿಲ್ಲ, "ವಿಚಾರ ಮಾಡ್ತೀನಿ" ಅಂದಿದ್ದಾರೆ. ಬಾಗಿಲಿನಿಂದ ಎಲ್ಲ ಸರಿ ಹೋಗುತ್ತೆ ಅಂತ ನಾನೂ ನಂಬಿಲ್ಲ. ಆದರೆ ಗುಮ್ಮಟದೊಳಗೆ ಒಬ್ಬರಾದ ಮೇಲೆ ಒಬ್ಬರು ಅಂತ ಕ್ಯೂ ನಿಲ್ಲೋದಕ್ಕೂ, ಸೂರಿಲ್ಲದ ನಾಲ್ಕು ಗೋಡೆ ನಡುವೆ ಹತ್ತು ಜನ ಒಟ್ಟಿಗೆ ಕತ್ತೆತ್ತಿ ನಿಲ್ಲೋದಕ್ಕೂ ವ್ಯತ್ಯಾಸ ಇದೆ. ಅದೂ ಕತ್ತಲಲ್ಲಿ, ಪಕ್ಕದಲ್ಲಿರೋದು ಯಾರು ಅಂತ ಕಾಣದ ಹಾಗೆ.

ಹಿತ್ತಲಿನ ಪರವಾಗಿ ಇನ್ನೊಂದು ಇದೆ. ರಾತ್ರಿ ಒಂಬತ್ತಕ್ಕೆ ಶಾಲೆಯ ಮೈದಾನಕ್ಕೆ ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸಲ್ಲ. ಅವ್ವ ಕೂತಿರೋ ಕಡೆಗೆ ಕಳಿಸ್ತಾರೆ. ತಮ್ಮ ಕೆಲಸ ಮುಗಿಸಿ ತಾವೂ ಬರ್ತಾರೆ. ಹೋದ ಸಲ ಹೀಗೇ ಬಂದಿದ್ದ ಓಣಿಯ ಅಜ್ಜಿಗೆ ಶನಿಯನ್ನು ತೋರಿಸ್ತೀನಿ ಅಂದೆ. "ಅಂವ ಬೆನ್ನು ಹತ್ತಿದ್ದು ಸಾಲದೇನು, ಎದುರು ನಿಂತು ಬ್ಯಾರೆ ನೋಡ್ಬೇಕಾ?" ಅಂತ ಗದರಿ, ಚಂದ್ರನನ್ನು ಮಾತ್ರ ನೋಡಿ ಹೋದಳು :)

ಇದೇ ಜನಕ್ಕೆ ನಕ್ಷತ್ರದ ಹೆಸರುಗಳು ಬಾಯಿಪಾಠ. ರೋಹಿಣಿ, ಮಿರ್ಗ, ಆರಿದ್ರಾ... ಎಲ್ಲ ಮಳೆಯ ಹೆಸರುಗಳು. ಆದರೆ ಮೃಗಶಿರಾ ಮಳೆ ಬೀಳೋವಾಗ ಸೂರ್ಯನೇ ಆ ನಕ್ಷತ್ರದಲ್ಲಿರ್ತಾನೆ, ನಕ್ಷತ್ರ ಕಾಣೋದೇ ಇಲ್ಲ. ಅದು ರಾತ್ರಿ ನೆತ್ತಿಯ ಮೇಲೆ ಬರೋದು ಮೆಣಸಿನಕಾಯಿ ಒಣಗಿಸೋ ಜನವರಿಯಲ್ಲಿ. ಆಗ ಬರಿಗಣ್ಣಿಗೇ ಕೆಂಪಗೆ ಹೊಳೆಯೋ ಆರಿದ್ರಾವನ್ನು ಬೆರಳು ಮಾಡಿ ತೋರಿಸಿದಾಗ, ನಲವತ್ತು ವರ್ಷ ಅದರ ಹೆಸರಿನಲ್ಲಿ ಬಿತ್ತನೆ ಮಾಡಿದ ಕಾಕಾ ಸುಮಾರು ಹೊತ್ತು ಮಾತೇ ಆಡಲಿಲ್ಲ. ಕಪಾಟಿನ ಟೆಲಿಸ್ಕೋಪು ಇದನ್ನು ಮಾಡುತ್ತಾ?

ನನಗಿರೋ ಭಯ ಬೇರೆ. ಓಣಿಯ ತುದಿಯಲ್ಲಿ ಬಿಳಿ ಎಲ್‌ಇಡಿ ದೀಪ ಬಂದಿದೆ. ಬೆಳಕು ನೆಲಕ್ಕೆ ಬೀಳೋಷ್ಟೇ ಆಕಾಶಕ್ಕೂ ಹೋಗುತ್ತೆ. ದೀಪ ಬೇಡ ಅಂತ ನಾನು ಹೇಳಲ್ಲ. ಹಾವು ಚೇಳಿನ ಊರಲ್ಲಿ ಹಾಗೆ ಹೇಳೋದು ಬೆಂಗಳೂರಿನವನ ದುರಹಂಕಾರ ಆಗುತ್ತೆ. ಮೇಲೊಂದು ತಗಡಿನ ಟೋಪಿ ಹಾಕಿ, ಬಿಳಿ ಬದಲು ಹಳದಿ ಬಲ್ಬು ಹಾಕಿ ಅಂತಷ್ಟೇ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಿಸಿದಾಗಿನಿಂದ ಊರಿನವರೇ ದೀಪಗಳ ಬೆಳಕನ್ನು ತಗ್ಗಿಸಿ, ಕಿಟಕಿಗೆ ಪರದೆ ಹಾಕ್ತಿದ್ದಾರೆ. ನಮ್ಮದು ಒಂದು ಓಣಿ, ನಾಲ್ಕು ದೀಪ. ಪಂಚಾಯಿತಿಗೆ ಅರ್ಜಿ ಬರೆದಿಟ್ಟಿದ್ದೀನಿ. ಓಣಿಯವರ ಸಹಿ ಬೇಕು, ಹನ್ನೊಂದು ಆಗಿದೆ.

ಸೂರಿನ ಫ್ರೇಮು ವೆಲ್ಡಿಂಗ್ ಅಂಗಡಿಯಲ್ಲಿದೆ, ಬಣ್ಣ ಆಗಬೇಕು. ಆ ಕಡೆ ಬರೋರಿದ್ದರೆ ಅಮಾವಾಸ್ಯೆಯ ಹಿಂದೆ ಮುಂದೆ ಬನ್ನಿ, ಮಳೆಗಾಲದಲ್ಲಿ ಬೇಡ. ಮೊಬೈಲ್ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಅಂಟಿಸಿಕೊಂಡೇ ಬನ್ನಿ. ಬಿಳಿ ಬೆಳಕು ಬಿಟ್ಟರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ಅಷ್ಟು ಹೊತ್ತೂ ನನ್ನ ತಂಗಿಯ ಬೈಗುಳ ಕೇಳಬೇಕಾಗುತ್ತೆ.